ಬ್ಯಾಡಗಿ ಖಾರದ ಊಟಕ್ಕೆ ಹಳೇ ಕೆಂಪು ವೈನು

ನಮ್ಮ ಮನೆಯಲ್ಲಿ ಕುಡಿತ ಅಂದರೆ ಅಪ್ಪನ ಕಿಸೆಯ ಸರಾಯಿ ಪಾಕೀಟು. 2007ರ ಜುಲೈನಲ್ಲಿ ಸರ್ಕಾರ ಸರಾಯಿ ಬಂದ್ ಮಾಡುವ ಹೊತ್ತಿಗೆ ಅಪ್ಪ ಎರಡೆಕರೆ ಹೊಲ ಕಳೆದಿದ್ದ. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲೆಂದು ರಾಜ್ಯದಲ್ಲಿ ವೈನ್ ನೀತಿಯೂ ಬಂತು. ವಿಚಿತ್ರ ನೋಡ್ರಿ.

ಹಾಗಾಗಿ ದೊಡ್ಡಬಳ್ಳಾಪುರದಲ್ಲಿ ಕೆಲಸ ಮಾಡುವ ರಾಣೆಬೆನ್ನೂರಿನ ಗೆಳೆಯ ಹಾವೇರಿ ಹತ್ತಿರದ ನಮ್ಮೂರಿಗೆ ವೈನ್ ಬಾಟಲಿ ತಂದಾಗ ಅವ್ವ ಮೊದಲು ಕೇಳಿದ್ದು, "ಇದೂ ಶೆರೆನ ಹೌದಲ್ಲೋ?"

"ಹೌದವ್ವ" ಅಂದೆ. ನೂರಕ್ಕೆ 13-14 ಪಾಲು ಆಲ್ಕೋಹಾಲ್ ಇರುವುದನ್ನು ಹಣ್ಣಿನ ರಸ ಅನ್ನಲಾಗದು.

ನಂದಿ ಬೆಟ್ಟದ ಬುಡದ ಗ್ರೋವರ್ ಕಂಪನಿಯ 'ಲಾ ರಿಸರ್ವ್', 2012ರದು. ಹೊಸ ವೈನು ನೇರಳೆ ಬಣ್ಣದ್ದು. ಇದರ ಅಂಚು ಇಟ್ಟಂಗಿ ಕೆಂಪಿಗೆ ತಿರುಗಿತ್ತು. ಬಾಯಲ್ಲಿ ಒಗರು, ಅಡಿಕೆ ಅಗಿದ ಹಾಗೆ, ಆದರೆ ಮೆತ್ತಗೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಈ ಒಗರು ವರ್ಷಗಟ್ಟಲೆ ಇಟ್ಟರೆ ಮೆತ್ತಗಾಗುತ್ತದೆ, ಸ್ವಲ್ಪ ಗಸಿಯಾಗಿ ತಳಕ್ಕೂ ಕೂರುತ್ತದೆ. ಅದಕ್ಕೇ ಗೆಳೆಯ ಬಾಟಲಿ ಅಲುಗಾಡಿಸದೆ ಸಾವಕಾಶ ಬಗ್ಗಿಸಿದ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ. ಖಾರ ಜಾಸ್ತಿಯಾದರೆ ಇಂಥ ವೈನು ಗಂಟಲು ಸುಡುತ್ತದಂತೆ. ಆದರೆ ನಮ್ಮ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಬಣ್ಣ ಕೊಡುವುದು ಜಾಸ್ತಿ, ಉರಿ ಕಡಿಮೆ. ಶೇಂಗಾ, ಗುರೆಳ್ಳಿನ ಜಿಡ್ಡು ಸೇರಿ ಒಗರು ಇನ್ನೂ ಇಳಿಯಿತು. ಎಣ್ಣೆಗಾಯಿ ಜೊತೆ ನಿಜಕ್ಕೂ ಚಲೋ ಹೊಂದಿತು. ಬೆಳ್ಳುಳ್ಳಿ ಹಾಕಿದ ಕೆಂಪು ಚಟ್ನಿ ಜೊತೆ ಮಾತ್ರ ಕಹಿ, ಬದಿಗೆ ಸರಿಸಿದೆವು.

ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ನನ್ನನ್ನು ಓದಿಸಿದವಳು. "ನಮ್ಮ ಕಾಯಿ ಹಳೇದಾದ್ರ ಬಣ್ಣ ಹೋಗ್ತದ ಅಂತ ಕೋಲ್ಡ್ ಸ್ಟೋರೇಜಿಗೆ ಹಾಕ್ತಾರ. ಇದು ಹಳೇದಾದಷ್ಟೂ ರೊಕ್ಕ ಏನ?"

"ಎಲ್ಲಾ ಅಲ್ಲ ಅವ್ವಾರ. ಬಹಳಷ್ಟು ವೈನು ನಾಲ್ಕೈದು ವರ್ಷದಾಗ ಕುಡದು ಮುಗಿಸೂವ" ಅಂದ ಗೆಳೆಯ.

ಅವ್ವ ನನ್ನ ಗ್ಲಾಸು ತೆಗೆದುಕೊಂಡಳು. ನಾನು ಸುಮ್ಮನಾದೆ. ಮೂಸಿ ನೋಡಿ, "ಒಣದ್ರಾಕ್ಷಿ ನೆನೆಹಾಕಿದಂಗ ಐತಿ. ನಿಮ್ಮಪ್ಪನ ವಾಸನಿ ಇಲ್ಲ" ಅಂದಳು. ಕುಡಿಯಲಿಲ್ಲ.

ನಾವಿಬ್ಬರೂ ಒಂದೊಂದು ಗ್ಲಾಸಿಗೆ ನಿಲ್ಲಿಸಿದೆವು. ಉಳಿದದ್ದನ್ನು ಮನೆಯೊಳಗೆ ಇಡಲು ಅವ್ವ ಬಿಡಲಿಲ್ಲ. ಬಾಟಲಿ ರಾತ್ರಿಯಿಡೀ ಗೆಳೆಯನ ಬೈಕಿನ ಚೀಲದಲ್ಲೇ ಇತ್ತು.