ಕುಪ್ಪಸದ ಕೂಲಿ

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಮ್ಮೆಯಿಂದ ಕರೆಯುತ್ತಿದ್ದ ಕಾಲವೊಂದಿತ್ತು. ಆ ಕಾಲ ಸಂದಿತು. ಹಳೆಯ ಹತ್ತಿಯ ಗಿರಣಿಗಳು ಒಂದೊಂದಾಗಿ ನಿಂತುವು. ಸಮೀಪದ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ದೊಡ್ಡ ಯಂತ್ರಗಳು ಮೌನವಾದ ಮೇಲೆ ಎಷ್ಟೋ ಮನೆಗಳ ಒಲೆಯನ್ನು ಉರಿಸಿದ್ದು ನಡುಮನೆಯ ಕಿಟಕಿಯ ಬಳಿಯಿದ್ದ ಒಂದು ಚಿಕ್ಕ ಯಂತ್ರ. ಅದನ್ನು ಉದ್ಘಾಟಿಸಲು ಯಾವ ಮಹನೀಯರೂ ಬರಲಿಲ್ಲ. ಮನೆಯಾಕೆಯೇ ತೆಂಗಿನಕಾಯಿ ಒಡೆದಳು.

ಹರಿಹರದ ಅಂಥದೊಂದು ಮನೆ. ತವರಿನವರು ಮದುವೆಯಲ್ಲಿ ಕೊಟ್ಟ ಕಾಲ್ತುಳಿಯ ಹೊಲಿಗೆಯಂತ್ರ ಹತ್ತು ವರ್ಷಗಳಿಂದ ಕಸೂತಿಯ ಹೊದಿಕೆ ಹೊದ್ದು, ತಲೆಯ ಮೇಲೊಂದು ಗಡಿಯಾರ ಹೊತ್ತು ಕುಳಿತಿತ್ತು. ಪತಿಯ ಸಂಬಳ ನಿಂತ ಮೂರನೆಯ ತಿಂಗಳು ಗಡಿಯಾರ ಗೋಡೆಗೇರಿತು.

ಹೊಲಿಗೆ ಆಕೆಗೆ ಬಾರದ ವಿದ್ಯೆಯಲ್ಲ. ಆದರೆ ಮನೆಗೆ ಹೊಲಿಯುವುದು ಬೇರೆ, ಕೂಲಿಗೆ ಹೊಲಿಯುವುದು ಬೇರೆ. ಮಗಳ ಲಂಗ ಅರ್ಧ ಇಂಚು ಸಡಿಲವಾದರೆ ಮುಂದಿನ ವರ್ಷಕ್ಕಾಯಿತು. ನೆರೆಯಾಕೆಯ ಕುಪ್ಪಸದ ತೋಳು ಅರ್ಧ ಇಂಚು ಬಿಗಿಯಾದರೆ ಬೀದಿಯೆಲ್ಲ ಮಾತಾಯಿತು. ಅಳತೆಗೆಂದು ಕೊಡುವ ಹಳೆಯ ಜಂಪರು ಒಡತಿಯ ಎರಡು ವರ್ಷದ ಹಿಂದಿನ ಮೈಕಟ್ಟಿಗೆ ಸಾಕ್ಷಿಯೇ ಹೊರತು ಇಂದಿನದಕ್ಕಲ್ಲ. ಅದನ್ನು ಬಾಯಿಬಿಟ್ಟು ಹೇಳಲಾಗದೆ, ಪಕ್ಕದ ಹೊಲಿಗೆಯೊಳಗೆ ಒಂದು ಇಂಚು ಬಟ್ಟೆಯನ್ನು ಬಿಟ್ಟು ಹೊಲಿಯುವ ಉಪಾಯವನ್ನು ಆಕೆ ಕಂಡುಕೊಂಡಳು. ಲೈನಿಂಗಿನ ಹತ್ತಿಬಟ್ಟೆಯನ್ನು ಕತ್ತರಿಸುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಮೇಲ್ಬಟ್ಟೆ ಸುಕ್ಕುಗಟ್ಟುವುದನ್ನೂ ಕಲಿತಳು.

ಇವೆಲ್ಲಕ್ಕಿಂತ ಕಠಿಣವಾದದ್ದು ಕೂಲಿ ಕೇಳುವುದು.

"ನಮ್ಮ ಹತ್ರನೂ ರೊಕ್ಕ ತಗಂತೀರೇನ್ರೀ ಅಕ್ಕಾ?" ಎಂದು ಪಕ್ಕದ ಮನೆಯಾಕೆ ನಗುತ್ತಲೇ ಕೇಳಿದಾಗ, "ನಿಮಗೆ ತಿಳಿದಷ್ಟು ಕೊಡ್ರಿ" ಎಂದುಬಿಟ್ಟಳು. ಈ 'ತಿಳಿದಷ್ಟು' ಎಂಬುದು ಬಹು ವಿಚಿತ್ರವಾದ ನಾಣ್ಯ. ಕೊಡುವವರ ಕೈಯಲ್ಲಿ ದೊಡ್ಡದು, ಪಡೆಯುವವರ ಕೈಗೆ ಬರುವಷ್ಟರಲ್ಲಿ ಚಿಕ್ಕದು.

ಕಬ್ಬಿಣವನ್ನು ಕೂದಲೆಳೆಯಷ್ಟು ಅಂತರಕ್ಕೂ ಅಳೆದು ಕಡೆಯುತ್ತಿದ್ದ ಪತಿರಾಯ ಒಂದು ರಾತ್ರಿ ಮಗನ ಹಳೆಯ ನೋಟುಬುಕ್ಕನ್ನು ತೆಗೆದು ಲೆಕ್ಕ ಬರೆಯತೊಡಗಿದ. ದಾರ, ಹುಕ್ಕು, ಸೂಜಿ, ಎಣ್ಣೆ, ಲೈನಿಂಗು, ಎಲ್ಲಕ್ಕೂ ಮಿಗಿಲಾಗಿ ಪ್ರತಿ ಜಂಪರಿಗೆ ಹಿಡಿದ ಹೊತ್ತು. ಹದಿನೈದು ದಿನ ಬರೆದ ಮೇಲೆ ಕಂಡದ್ದಿಷ್ಟು: ಪರಿಚಯ ಹೆಚ್ಚಿದಷ್ಟೂ ಕೂಲಿ ಕಡಿಮೆ, ಅತ್ಯಂತ ಆಪ್ತರ ಬಟ್ಟೆಗೆ ದಾರದ ಹಣವೂ ಹುಟ್ಟಿರಲಿಲ್ಲ. ಮರುದಿನ ಗೋಡೆಯ ಮೇಲೆ ದರದ ಚೀಟಿಯೊಂದು ಅಂಟಿತು: ಸಾದಾ ಜಂಪರು ಇಷ್ಟು, ಲೈನಿಂಗಿನದು ಇಷ್ಟು, ಸೀರೆಗೆ ಫಾಲ್ಸ್ ಇಷ್ಟು. ಮನುಷ್ಯರಿಗಿರುವ ದಾಕ್ಷಿಣ್ಯ ಚೀಟಿಗಿಲ್ಲ. ಇಬ್ಬರು ನೆರೆಯವರು ಬರುವುದನ್ನೇ ಬಿಟ್ಟರು. ದಾರ, ಲೈನಿಂಗುಗಳನ್ನು ದಾವಣಗೆರೆಯಿಂದ ಡಜನ್ ಲೆಕ್ಕದಲ್ಲಿ ತಂದರೆ ಬಸ್ಸಿನ ಖರ್ಚು ಕಳೆದೂ ಉಳಿಯುವುದೆಂಬುದೂ ಆ ನೋಟುಬುಕ್ಕಿನಿಂದಲೇ ತಿಳಿದದ್ದು.

ಯಂತ್ರ ಕೊಳ್ಳುವ ಚಿಂತೆ ಹಳೆಯದು. 1851ರಲ್ಲಿ ತನ್ನ ಹೊಲಿಗೆಯಂತ್ರಕ್ಕೆ ಹಕ್ಕುಪತ್ರ ಪಡೆದ ಅಮೆರಿಕದ ಐಸಾಕ್ ಸಿಂಗರನ ಕಂಪನಿ, ಕಂತಿನ ಮೇಲೆ ಯಂತ್ರ ಮಾರಿಯೇ ಮನೆಮನೆ ಹೊಕ್ಕಿತು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಒಂದು. ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಮೊದಲ ಕಂತಿನಲ್ಲಿ ಶೇಕಡಾ 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲ ಅದರಲ್ಲುಂಟು. ಒಳ್ಳೆಯದೇ. ಪಕ್ಕದ ಮನೆಯಾಕೆಯಿಂದ ಕೂಲಿ ವಸೂಲು ಮಾಡುವ ಧೈರ್ಯಕ್ಕೆ ಮಾತ್ರ ಯಾವ ಬ್ಯಾಂಕೂ ಸಾಲ ಕೊಡದು.

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ ಬಂದಿತು. ಅಲ್ಲಿನ ನೆಂಟರ ಮನೆಗಳಿಗೆ ಹೋಗುವವರೆಲ್ಲರಿಗೂ ಹೊಸ ಜಂಪರು ಅದೇ ವಾರಕ್ಕೆ ಬೇಕು. ಬಿಟ್ಟು ಹೋಗಿದ್ದ ಇಬ್ಬರಲ್ಲಿ ಒಬ್ಬಾಕೆಯೂ ಚೀಟಿಯನ್ನು ಓದದವಳಂತೆ ಓದಿ, ಬಟ್ಟೆಯ ಗಂಟನ್ನಿಟ್ಟು ಹೋದಳು. ಒಬ್ಬಳಿಂದ ಆಗುವ ಕೆಲಸವಾಗಿರಲಿಲ್ಲ. ಪತಿ ಒಳಕೋಣೆಯ ಬಾಗಿಲು ಹಾಕಿಕೊಂಡು ಹುಕ್ಕು ಹೊಲಿಯಲು ಕುಳಿತ. ಗಂಡಸು ಹೆಂಗಸರ ಕುಪ್ಪಸಕ್ಕೆ ಹುಕ್ಕು ಹಾಕುವುದನ್ನು ಓಣಿಯವರು ಕಂಡರೆ? ಪೇಟೆಯ ದರ್ಜಿಗಳೆಲ್ಲ ಗಂಡಸರೇ ಎಂಬುದು ಆಗ ಹೊಳೆಯಲಿಲ್ಲ.

ಜಾತ್ರೆ ಮುಗಿದ ಮೇಲೆ ಗಿರಾಕಿಯೊಬ್ಬರು, "ಹುಕ್ಕು ಯಾರು ಹಾಕಿದ್ರೀ? ಒಂದೂ ಆಕಡೆ ಈಕಡೆ ಆಗಿಲ್ಲ" ಎಂದರು.

"ನಮ್ಮನಿಯವ್ರು" ಎಂದಳಾಕೆ, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ.

ಅಂದು ಮಧ್ಯಾಹ್ನ ಒಳಕೋಣೆಯಲ್ಲಿ ಬೆಳಕು ಸಾಲದೆಂದು ಗೊಣಗುತ್ತ, ಆತ ಹುಕ್ಕಿನ ಡಬ್ಬಿಯೊಂದಿಗೆ ನಡುಮನೆಯ ಕಿಟಕಿಯ ಬಳಿ ಬಂದು ಕುಳಿತ.