ಕಾಂಕ್ರೀಟ್ ಕಟ್ಟೆಗೆ ಅವ್ವನ ಪರೀಕ್ಷೆ

ಅಡುಗೆಮನೆಗೆ ಗ್ರಾನೈಟ್ ಬೇಡ, ಕಾಂಕ್ರೀಟ್ ಕಟ್ಟೆ ಇರಲಿ ಅಂದವಳು ನನ್ನ ಹೆಂಡತಿ. ಬೆಂಗಳೂರಿನ ಯಾವ ಫ್ಲ್ಯಾಟಿಗೆ ಹೋದರೂ ಅದೇ ಕರಿ ಗ್ರಾನೈಟ್, ಅದೇ ಸ್ಟೀಲ್ ಸಿಂಕು ಅನ್ನೋದು ಅವಳ ಬೇಸರ. ನನಗೂ ಆಸೆಯಾಯಿತು. ಕಾಂಕ್ರೀಟ್ ಅಂದರೆ ನಮಗೆ ಬೇಕಾದ ಅಳತೆ, ಬೇಕಾದ ಬಣ್ಣ. ಸಿಂಕಿನ ಪಕ್ಕ ನೀರು ಹರಿಯೋ ಗೀರುಗಳನ್ನೂ ಅಚ್ಚಿನಲ್ಲೇ ಮಾಡಿಸಿಕೊಳ್ಳಬಹುದು.

ಅವ್ವನಿಗೆ ಮಾತ್ರ ನಗು. "ಏನ್ಲಾ, ಗಾರೆ ಕಟ್ಟೆ ಸಾಕಪ್ಪ ಅಂತ ಕಡಪ ಕಲ್ಲು ಹಾಕಿಸ್ದೋರು ನಾವು. ನೀನು ಅಷ್ಟೊಂದು ದುಡ್ಡು ಕೊಟ್ಟು ಮತ್ತೆ ಗಾರೆಗೇ ಹೊಂಟಿದ್ದೀಯ?"

ಅಪ್ಪ ಹೋದಮೇಲೆ ಅವ್ವ ನಮ್ಮ ಜೊತೆಗೇ ಇರೋದು ಅಂತ ತೀರ್ಮಾನವಾಗಿತ್ತು. ನಾವಿಬ್ಬರೂ ಬೆಳಿಗ್ಗೆ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಹೊರಟಮೇಲೆ ಆ ಕಟ್ಟೆ ಮುಂದೆ ನಿಲ್ಲೋಳು ಅವಳೇ. ಏನು ಚೆಲ್ಲಿದರೆ ಏನು ಹಾಳಾದೀತೋ ಅಂತ ಅಳುಕುತ್ತಾ ಮಗನ ಮನೆಯಲ್ಲಿ ನೆಂಟಳ ಥರ ಇರೋ ಹಾಗಾಗಬಾರದು. ನನ್ನ ತಲೆಯಲ್ಲಿದ್ದದ್ದು ಅದೊಂದೇ. ಚೆಂದದ ಫೋಟೋಗಳಲ್ಲಿ ಕಾಂಕ್ರೀಟ್ ಕಟ್ಟೆ ಮೇಲೆ ಒಂದು ಹೂದಾನಿ ಇರುತ್ತೆ, ಹುಣಸೆಹಣ್ಣು ಕಿವುಚಿದ ಪಾತ್ರೆ ಇರಲ್ಲ.

ಹಾಗಾಗಿ ಒಂದಡಿ ಚೌಕದ ಎರಡು ಸ್ಯಾಂಪಲ್ ಮಾಡಿಸಿ ತಂದೆ. ನೀವೂ ಆರ್ಡರ್ ಕೊಡೋಕೆ ಮುಂಚೆ ಇದನ್ನು ಕೇಳಿ ಪಡೀರಿ. ಒಂದಕ್ಕೆ ಒಳಗೆ ಇಳಿಯೋ ಸೀಲರ್ ಹಚ್ಚಿತ್ತು, ಇನ್ನೊಂದಕ್ಕೆ ಮೇಲೆ ಪದರ ಕಟ್ಟೋ ಸೀಲರ್. ಎರಡನ್ನೂ ಅವ್ವನ ಮುಂದಿಟ್ಟು, "ನಿನ್ನಿಷ್ಟ ಬಂದಂಗೆ ಗಲೀಜು ಮಾಡವ್ವ" ಅಂದೆ. ಅವಳೇನು ಕಮ್ಮಿಯೇ! ನಿಂಬೆಹೋಳು ರಾತ್ರಿಯಿಡೀ ಮಕಾಡೆ ಕೂತಿತು. ಅರಿಶಿನ, ಎಣ್ಣೆ, ಹುಣಸೆರಸ ಒಂದೊಂದು ಮೂಲೆ ಹಿಡಿದವು. ಒಲೆಯಿಂದ ಇಳಿಸಿದ ಕುಕ್ಕರ್ ನೇರ ಅದರ ಮೇಲೆ.

ಬೆಳಿಗ್ಗೆ ನೋಡಿದರೆ ಮೊದಲನೇದರ ಮೇಲೆ ನಿಂಬೆ ಬಿಳಿಚಿದ ಗುಂಡು ಗುರುತು ಬಿಟ್ಟಿತ್ತು, ಮುಟ್ಟಿದರೆ ಒರಟು. ಸಿಮೆಂಟಿನಲ್ಲಿರೋ ಸುಣ್ಣದಂಶವನ್ನು ಹುಳಿ ತಿನ್ನುತ್ತೆ. ಅದು ಕಲೆಯಲ್ಲ, ಸವೆತ. ಎಷ್ಟು ಉಜ್ಜಿದರೂ ಹೋಗಲ್ಲ. ಕುಕ್ಕರ್ ಇಟ್ಟಿದ್ದಕ್ಕೆ ಮಾತ್ರ ಏನೂ ಆಗಿರಲಿಲ್ಲ. ಎರಡನೇದರಲ್ಲಿ ಎಲ್ಲ ಉಲ್ಟಾ: ನಿಂಬೆ ಒರೆಸಿದರೆ ಹೋಯಿತು, ಆದರೆ ಕುಕ್ಕರಿನ ತಳ ಸೀಲರ್ ಪದರದ ಮೇಲೆ ಬೆಳ್ಳಗೆ ಬಳೆಯಂಥ ಗುರುತು ಒತ್ತಿತ್ತು. ಅರಿಶಿನದ ಹಳದಿ ಬಿಸಿಲಿಗಿಟ್ಟರೆ ಮಂಕಾಗುತ್ತೆ, ಆಯಿತು ಕೂಡ. ಆದರೆ ಅಡುಗೆ ಕಟ್ಟೆಯನ್ನು ಟೆರೇಸಿಗೆ ಹೊತ್ತುಕೊಂಡು ಹೋಗೋಕಾಗುತ್ತಾ?

ಅವ್ವ ತೀರ್ಪು ಕೊಟ್ಟಳು. ಸೊಸೆ ಕಡೆ ತಿರುಗಿ, "ಹುಳಿ, ಬಿಸಿ ಬೀಳೋ ಕಡೆ ಕಲ್ಲಿರಲಿ ಕಣವ್ವ. ಮಿಕ್ಕಿದ್ದು ನಿಂಗೆ ಬೇಕಾದಂಗೆ ಮಾಡ್ಸು." ಒಲೆಯ ಎರಡೂ ಬದಿಗೆ ಗ್ರಾನೈಟ್, ಕಿಟಕಿ ಕೆಳಗಿನ ಉದ್ದಕ್ಕೆ ಕಾಂಕ್ರೀಟ್. ಅಲ್ಲಿ ತರಕಾರಿ ಹೆಚ್ಚೋದು, ಹಿಟ್ಟು ಕಲಸೋದು. ಆ ಕಡೆಯ ಎತ್ತರ ಅವ್ವನ ಅಳತೆಗೆ 31 ಇಂಚು. ನನಗೆ ಬಗ್ಗಬೇಕಾಗುತ್ತೆ, ಬಗ್ತೀನಿ.

ಕಂಟ್ರ್ಯಾಕ್ಟರ್ ಮೂರೇ ದಿನಕ್ಕೆ ತಂದು ಕೂರಿಸ್ತೀನಿ ಅಂದಾಗ ಅಡ್ಡ ಬಂದವಳೂ ಅವ್ವನೇ. "ಎಷ್ಟ್ ದಿನ ನೀರ್ ಹಾಕಿದ್ದೀಯಪ್ಪ?" ಊರಲ್ಲಿ ರೆಡ್ ಆಕ್ಸೈಡ್ ನೆಲಕ್ಕೆ ಒದ್ದೆ ಗೋಣಿಚೀಲ ಹೊದಿಸಿ ದಿನಗಟ್ಟಲೆ ನೀರು ಹಾಕಿದವಳು ಅವಳು. ಆತ ತಬ್ಬಿಬ್ಬಾದ. ಕಾಂಕ್ರೀಟಿನ ಗಟ್ಟಿತನವನ್ನು ಲೆಕ್ಕ ಹಿಡಿಯೋದು 28ನೇ ದಿನಕ್ಕೆ. ಕನಿಷ್ಠ ಒಂದು ವಾರವಾದರೂ ಒದ್ದೆಯಾಗಿಡಲೇಬೇಕು. ಸಿಂಕಿಗೆ ಕತ್ತರಿಸೋ ಮೂಲೆಗಳಲ್ಲೇ ಬಿರುಕು ಮೊದಲು ಬರೋದರಿಂದ ಅಲ್ಲಿ ಕಂಬಿ ಇದೆಯಾ ಅಂತಲೂ ಕೇಳಿ. ಭಾರವನ್ನೂ ಮರೀಬೇಡಿ: 40 ಮಿಲಿಮೀಟರ್ ದಪ್ಪದ ಕಟ್ಟೆ ಒಂದು ಚದರ ಮೀಟರಿಗೆ ಸುಮಾರು 100 ಕೆಜಿ, 18 ಮಿಲಿಮೀಟರ್ ಗ್ರಾನೈಟಿನ ಎರಡರಷ್ಟು. ತೆಳು ಪ್ಲೈವುಡ್ ಕಪಾಟಿನ ಮೇಲೆ ಕೂರಿಸೋ ಮಾತಲ್ಲ.

ಸೀಲರ್ ಒಳಗೆ ಇಳಿಯೋದನ್ನೇ ಆರಿಸಿದೆವು. ಸವೆದರೆ ನಾನೇ ಮತ್ತೆ ಹಚ್ಚಬಹುದಲ್ಲ. ದಿನಾ ಒರೆಸೋಕೆ ಮೆತ್ತನೆ ಬಟ್ಟೆ, ನೀರು ಬೆರೆಸಿದ ಸೌಮ್ಯ ಸೋಪು ಸಾಕು. ವಿನೆಗರ್, ಆಸಿಡ್, ಸ್ಟೀಲ್ ನಾರು ಹತ್ತಿರಕ್ಕೂ ಬೇಡ. ತಿಂಗಳಿಗೊಮ್ಮೆ ನಾಲ್ಕು ಹನಿ ನೀರು ಚಿಮುಕಿಸಿ ನೋಡ್ತೀನಿ. ಮುತ್ತಿನ ಥರ ನಿಂತರೆ ಸರಿ. ಹರಡಿ ಕಪ್ಪಾದರೆ ಸೀಲರ್ ಡಬ್ಬಿ ತೆಗೆಯೋ ಹೊತ್ತು.

ಈ ಸಲ ಹರಡಿದೆ. ಶನಿವಾರ ಅಡುಗೆಮನೆ ಬಂದ್. ಅವತ್ತು ಹೋಟ್ಲಿಂದ ಏನು ತರ್ತೀಯ ಅಂತ ಅವ್ವ ಈಗಲೇ ಕೇಳ್ತಿದ್ದಾಳೆ.