ಐವತ್ತು ಜೀವಗಳ ಕುಲ

ಮಗು ಹುಟ್ಟಿದ ಹನ್ನೆರಡನೆಯ ದಿನ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಮೆಕ್ಸಿಕೊ ಕೊಲ್ಲಿಯ ಒಂದು ತಿಮಿಂಗಿಲಕ್ಕೆ ಹೆಸರಿಟ್ಟದ್ದು 2021ರಲ್ಲಿ. ಅಷ್ಟು ಹೊತ್ತಿಗೆ ಆ ಕುಲದಲ್ಲಿ ಉಳಿದಿದ್ದವು ಸುಮಾರು ಐವತ್ತು ಜೀವಗಳು.

ಅದುವರೆಗೆ ಅದನ್ನು ಬ್ರೈಡ್ ತಿಮಿಂಗಿಲವೆಂಬ ಬೇರೊಂದು ಮನೆತನಕ್ಕೆ ಸೇರಿಸಿ ಎಣಿಸುತ್ತಿದ್ದರು. 2019ರ ಜನವರಿಯಲ್ಲಿ ಫ್ಲಾರಿಡದ ಎವರ್‌ಗ್ಲೇಡ್ಸ್ ತೀರದಲ್ಲಿ ದೊರೆತ ಕಳೇಬರದ ತಲೆಬುರುಡೆಯನ್ನು ಪರೀಕ್ಷಿಸಿದ ಮೇಲೆ ಕುಲವೇ ಬೇರೆಯೆಂದು ತಿಳಿಯಿತು. ಅದರ ಹೊಟ್ಟೆಯಲ್ಲೊಂದು ಪ್ಲಾಸ್ಟಿಕ್ ಚೂರಿತ್ತು. 1965ರಲ್ಲಿಯೇ ಕೊಲ್ಲಿಯಲ್ಲಿ ಇವುಗಳ ಇರವನ್ನು ಗುರುತಿಸಿದ್ದ ಡೇಲ್ ರೈಸ್ ಎಂಬ ಜೀವಶಾಸ್ತ್ರಜ್ಞನಿಂದಾಗಿ ಇದು ‘ರೈಸ್ ತಿಮಿಂಗಿಲ’ವಾಯಿತು, ಅನ್ನಕ್ಕೂ ಇದಕ್ಕೂ ನಂಟಿಲ್ಲ.

ಹಗಲು ಇದು ಕಡಲ ತಳದವರೆಗೆ ಮುಳುಗಿ ಮೀನು ಹಿಡಿಯುತ್ತದೆ. ರಾತ್ರಿ ನೀರಿನ ಮೇಲ್ಮೈಗೆ ಸಮೀಪದಲ್ಲೇ ವಿಶ್ರಮಿಸುತ್ತದೆ. ಹಡಗುಗಳಿಗೆ ಸಿಲುಕುವ ಭಯ ಆಗಲೇ ಹೆಚ್ಚು. ಆ ಆಳದ ಕತ್ತಲಲ್ಲಿ ಕಣ್ಣಿನಿಂದ ಏನಾದೀತು? ಕಿವಿಯೇ ಕಣ್ಣು.

ತೈಲದಿಂದ ಕಡಲಿಗೆ ಕೇಡೆಂದೊಡನೆ 2010ರ ಏಪ್ರಿಲ್ 20 ನೆನಪಾಗುತ್ತದೆ. ಅಂದು ಇದೇ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ಎಂಬ ಕೊರೆಯುವ ವೇದಿಕೆ ಸಿಡಿದು 11 ಮಂದಿ ಕೆಲಸಗಾರರು ಮಡಿದರು. ತೈಲ 87 ದಿನ ಹರಿಯಿತು. ಈ ತಿಮಿಂಗಿಲಗಳ ಸಂಖ್ಯೆ ಅದರಿಂದ ಶೇಕಡ 22ರಷ್ಟು ಕುಗ್ಗಿರಬಹುದೆಂದು ಸರ್ಕಾರದ ವಿಜ್ಞಾನಿಗಳ ಅಂದಾಜು.

ಆದರೆ ಕೇಡು ತೈಲ ಸೋರುವವರೆಗೆ ಕಾದು ಕೂರುವುದಿಲ್ಲ, ಹುಡುಕಾಟದಲ್ಲೇ ಮೊದಲಾಗುತ್ತದೆ. ಸಮೀಕ್ಷೆಯ ಹಡಗು ಅದುಮಿದ ಗಾಳಿಯನ್ನು ನೀರೊಳಗೆ ಸಿಡಿಸುತ್ತದೆ. ಆ ಸದ್ದು ತಳವನ್ನು ಭೇದಿಸಿ, ಶಿಲಾಸ್ತರಗಳಿಗೆ ಬಡಿದು ಮರಳುತ್ತದೆ. ಮರುದನಿಯಿಂದ ತೈಲದ ನೆಲೆಯನ್ನು ಊಹಿಸುತ್ತಾರೆ. ಹತ್ತು ಹದಿನೈದು ಸೆಕೆಂಡಿಗೊಂದು ಸಿಡಿತ, ಹಗಲಿರುಳು, ವಾರಗಟ್ಟಲೆ. ಮದುವೆಮನೆಯ ಧ್ವನಿವರ್ಧಕದಡಿ ಕುಳಿತವರಿಗೆ ಪಕ್ಕದವರ ಮಾತು ಕೇಳಿಸದು. ಆದರೆ ಅವರಿಗೆ ಎದ್ದು ಹೊರಗೆ ಹೋಗಲು ಬಾಗಿಲುಂಟು. ಐವತ್ತೇ ಜೀವಗಳು ಅಷ್ಟು ದೊಡ್ಡ ಕಡಲಲ್ಲಿ ಚೆದುರಿರುವಾಗ ಒಂದರ ಕರೆ ಇನ್ನೊಂದಕ್ಕೆ ಕೇಳಿಸದೆ ಹೋದರೆ?

ತೈಲವೇ ಬೇಡವೆನ್ನುವುದು ಸುಲಭವಲ್ಲ. ಆ ತೀರದ ಎಷ್ಟೋ ಮನೆಗಳ ಒಲೆ ಉರಿಯುವುದು ಅದರ ಸಂಬಳದಿಂದ. ಮಡಿದ 11 ಮಂದಿಯೂ ಅಂಥ ಸಂಬಳಕ್ಕೆ ದುಡಿದವರೇ. 2021ರಲ್ಲಿ ಸಂರಕ್ಷಣಾ ಸಂಘಗಳು ಬೇಡಿದ್ದು ಬಹಳವೇನಲ್ಲ: ಈಶಾನ್ಯ ಕೊಲ್ಲಿಯಲ್ಲಿ ಇವು ವಾಸಿಸುವ ಪಟ್ಟಿಯಲ್ಲಿ ಹಡಗುಗಳಿಗೆ 10 ನಾಟ್ ವೇಗದ ಮಿತಿಯಿರಲಿ, ರಾತ್ರಿ ಸಂಚಾರ ಬೇಡ. 2023ರಲ್ಲಿ ಅಮೆರಿಕ ಸರ್ಕಾರ ಅದನ್ನು ತಳ್ಳಿಹಾಕಿತು.

ಎವರ್‌ಗ್ಲೇಡ್ಸ್‌ನ ಆ ತಿಮಿಂಗಿಲದ ಅಸ್ಥಿಗಳು ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿವೆ, ಇಡೀ ಕುಲದ ಮಾದರಿಯಾಗಿ.